ಆಯಿಯ ಮಗಳ ಪಾಸ್‌ಬುಕ್

ಆಯಿಯ ಅಂಗೈ ವೈಶಾಖದ ಬಿಸಿಲಿನಲ್ಲೂ ತಣ್ಣಗಿರುತ್ತಿತ್ತು. ಸೇಡಮ್ಮಿನ ಆ ಮನೆಯ ಮುಂದೆ ನಾನು ಮೊದಲ ಸಲ ಹೋಗಿ ನಿಂತಾಗ ಅಂಗಳದ ಹಾಸುಗಲ್ಲು ಕಾಲು ಸುಡುತ್ತಿತ್ತು. ಅವಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಾವಿಯಿಂದ ಆಗಷ್ಟೇ ಎತ್ತಿದ ಕೊಡ ತಾಗಿದ ಹಾಗಾಯಿತು. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಹೆಸರನ್ನಾಗಲಿ ಊರನ್ನಾಗಲಿ ಕೇಳದೆ, ಒಳಗೆ ಹೋಗಿ ಕೈಕಾಲು ತೊಳೆದುಕೋ ಎಂದು ಕೈಸನ್ನೆ ಮಾಡಿದಳು.

ನಾನು ನೇಪಾಳದ ಪಶ್ಚಿಮದ ಗುಡ್ಡಗಳ ಕಡೆಯವಳು. ಅಣ್ಣ ಹತ್ತಿರದ ಕೋಡ್ಲಾದಲ್ಲಿ ಒಂದು ಗೋದಾಮಿನ ಕಾವಲುಗಾರನಾಗಿದ್ದ, ಅಲ್ಲೇ ಮಲಗುತ್ತಿದ್ದ. ಇಪ್ಪತ್ತು ವರ್ಷದ ತಂಗಿಯನ್ನು ಇಟ್ಟುಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಗಂಡ ತೀರಿಹೋಗಿ ಒಂಟಿಯಾಗಿದ್ದ ಈ ಮುದುಕಿಯ ಮನೆಯ ಹಿಂದಿನ ಕೋಣೆಯನ್ನು ನನಗಾಗಿ ಬಾಡಿಗೆಗೆ ಹಿಡಿದಿದ್ದ. ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ತಲೆಯ ಮೇಲಿಂದ ಜಾರದ ಸೆರಗು. ನಡೆದರೆ ಸದ್ದಾಗುತ್ತಿರಲಿಲ್ಲ. ಪಾತ್ರೆ ತೊಳೆಯುತ್ತ ತಿರುಗಿದರೆ ಹಿಂದೆಯೇ ನಿಂತಿರುತ್ತಿದ್ದಳು, ನನ್ನ ಜಡೆಯನ್ನು ನೋಡುತ್ತ. ಊಟಕ್ಕೆ ಅವಳು ಎರಡು ತಾಟು ಹಾಕುತ್ತಿದ್ದಳು. ಒಂದು ಅವಳದು. ಇನ್ನೊಂದು ಅಂಚು ಸ್ವಲ್ಪ ನೆಗ್ಗಿದ ಹಿತ್ತಾಳೆಯದು, ಅದರಲ್ಲಿ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ನಾನು ಬರುವ ಮೊದಲೂ ಅವಳು ಎರಡೇ ತಾಟು ಹಾಕುತ್ತಿದ್ದಳೆಂದು ಪಕ್ಕದ ಮನೆಯ ಹೆಂಗಸಿನಿಂದ ಆಮೇಲೆ ಗೊತ್ತಾಯಿತು.

ಆ ತಾಟು ಮಗಳದು. ಒಬ್ಬಳೇ ಮಗಳು. ಒಂಬತ್ತು ವರ್ಷದ ಹಿಂದೆ, ತನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ತಾಯಿಯೊಡನೆ ಜಗಳವಾಡಿ ವಾಡಿ ಜಂಕ್ಷನ್ನಿಗೆ ಹೋಗಿ ಯಾವುದೋ ರೈಲು ಹತ್ತಿದ್ದಳಂತೆ. ಮತ್ತೆ ಸುದ್ದಿಯಿಲ್ಲ. ಯಾರಾದರೂ ಕೇಳಿದರೆ ಆಯಿಯದು ಒಂದೇ ಮಾತು: "ಬರಲಿಕತ್ತಾಳ." ಒಂಬತ್ತು ವರ್ಷವೂ ಹೀಗೇ ಹೇಳಿದ್ದಳು, ಮಗಳು ಓಣಿಯ ತಿರುವಿನಲ್ಲೇ ಇದ್ದಾಳೆ ಅನ್ನುವ ಹಾಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕನ್ನಡ ನನ್ನ ಕಿವಿಗೆ ಹತ್ತಿತ್ತು. ಆದಿತ್ಯನಗರದ ಒಂದು ಕ್ಯಾಂಟೀನಿನಲ್ಲಿ ಅಡುಗೆಯ ಕೆಲಸವೂ ಸಿಕ್ಕಿತು. ಆದರೆ ಪಗಾರ ಬ್ಯಾಂಕಿಗೇ ಹಾಕುವುದು, ಶನಿವಾರದೊಳಗೆ ಖಾತೆ ಆಗದಿದ್ದರೆ ಬೇರೆಯವಳನ್ನು ತೆಗೆದುಕೊಳ್ಳುತ್ತೇನೆ ಎಂದು ಗುತ್ತೇದಾರ ಹೇಳಿಬಿಟ್ಟ. ನೇಪಾಳದ ಪೌರತ್ವದ ಕಾಗದ ಹಿಡಿದು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಸರಿ, ಇಲ್ಲಿ ಎಲ್ಲಿರುತ್ತೀರಿ ಅನ್ನುವುದಕ್ಕೆ ಮನೆ ಮಾಲೀಕರ ಸಹಿಯಿರುವ ಬಾಡಿಗೆಯ ಕಾಗದ ತನ್ನಿ ಎಂದರು.

ಮನೆಗೆ ಬಂದು ಆಯಿಗೆ ಹೇಳಿದೆ. ಅವಳು ಎದ್ದು ಟ್ರಂಕು ತೆಗೆದಳು. ಸಹಿ ಹಾಕಲು ಕನ್ನಡಕ ಹುಡುಕುತ್ತಿದ್ದಾಳೆ ಅಂದುಕೊಂಡೆ. ತಂದದ್ದು ಒಂದು ಹಳೆಯ ಪಾಸ್‌ಬುಕ್. ಮಗಳು ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು.

"ಹೊಸಾದ್ ಯಾಕ? ನಿಂದು ಹಳೇದು ಅದ ಅಲ್ಲ" ಅಂದಳು.

ಪಾಸ್‌ಬುಕ್ಕಿನ ಚಿತ್ರ ಮಾಸಿಹೋಗಿತ್ತು, ಎರಡು ಜಡೆ ಮತ್ತು ಒಂದು ಹಣೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಅದು ಯಾರದಾದರೂ ಆಗಬಹುದಿತ್ತು. ಆಯಿಯ ಲೆಕ್ಕದಲ್ಲಿ ಮಗಳಿಗೆ ಇನ್ನೂ ಹತ್ತೊಂಬತ್ತೇ.

ತಪ್ಪೆಂದು ಗೊತ್ತಿತ್ತು. ಆದರೂ ಬೇಡ ಅನ್ನಲಿಲ್ಲ. ಕೆಲಸ ಹೋದರೆ ಅಣ್ಣ ಊರಿಗೆ ಕಳಿಸುತ್ತಿದ್ದ, ಅಲ್ಲಿ ನನಗೆ ಗೊತ್ತುಮಾಡಿದ್ದ ಗಂಡು ಅಪ್ಪನ ವಯಸ್ಸಿನವನು. ಎರಡು ದಿನ ಆಯಿ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ ಮಗಳ ಸಹಿಯನ್ನು ತಿದ್ದಿಸಿದಳು. ನಾನು ಬರೆದ ಮೊದಲ ಕನ್ನಡ ಅಕ್ಷರಗಳು ಅವೇ. ಮೂರನೆಯ ದಿನ ಪಾಸ್‌ಬುಕ್ಕಿನ ಸಹಿಗೂ ನನ್ನದಕ್ಕೂ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ಅದನ್ನು ನೋಡಿದಾಗ ಈ ಕೈ ನನ್ನದೇ ಹೌದೋ ಅಲ್ಲವೋ ಅನ್ನಿಸಿತು. ಆಯಿ ಮಾತ್ರ ನಕ್ಕಳು. ಮಗಳ ಹಸಿರು ಚೂಡಿದಾರ ತೊಡಿಸಿದಳು, ಎರಡು ಜಡೆ ಹಾಕಿದಳು, ಮಗಳ ಹೆಸರು ಹಿಡಿದು ಕರೆದಳು. ನಾನು ಓ ಅಂದೆ.

ಬ್ಯಾಂಕಿನಲ್ಲಿ ಬೇರೆ ಕೌಂಟರಿಗೆ ಹೋದೆವು. ಅಲ್ಲಿದ್ದ ಸಾಹೇಬರಿಗೆ ಆಯಿ ಪಾಸ್‌ಬುಕ್ ಕೊಟ್ಟು, ಮಗಳ ಖಾತೆ ನಿಂತುಹೋಗಿದೆ, ಮತ್ತೆ ಚಾಲೂ ಮಾಡಿಕೊಡಿ ಎಂದಳು. ಅವರು ನಂಬರು ಒತ್ತಿ, ಹುಬ್ಬು ಗಂಟಿಕ್ಕಿ ಪರದೆ ನೋಡಿದರು.

"ಇದು ನಿಂತಿಲ್ಲರಿ ಆಯಿ. ಚಿಂಚೋಳಿ ಶಾಖೆಗೆ ವರ್ಗ ಆಗ್ಯಾದ. ಹೋದ ವರ್ಷ ಹೊಸ ಫೋಟೋ ಕೊಟ್ಟಾರ."

ಹೇಳುತ್ತಲೇ ಪರದೆಯನ್ನು ನಮ್ಮತ್ತ ತಿರುಗಿಸಿದರು. ಅಲ್ಲೊಬ್ಬ ಹೆಂಗಸಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಕೆನ್ನೆಗಳು ಒಳಗೆ ಹೋಗಿದ್ದವು. ಕಣ್ಣು ಮಾತ್ರ ನನ್ನ ಪಕ್ಕದಲ್ಲಿ ಕೂತಿದ್ದ ಆಯಿಯವೇ. ಹಿಂದಿದ್ದವರ ಮಾತು, ಪಂಖದ ಸದ್ದು ಎಲ್ಲ ದೂರ ಸರಿದಂತಾಯಿತು. ಆಯಿ ರೆಪ್ಪೆ ಬಡಿಯದೆ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ತಣ್ಣನೆಯ ಕೈಯಿಂದ ನನ್ನ ಮುಂಗೈ ಹಿಡಿದಳು.

"ಈಕಿ ಯಾರೋ ನನಗ ಗೊತ್ತಿಲ್ಲ. ನನ್ನ ಮಗಳು ಇಲ್ಲಿ ಕುಂತಾಳ."

ಸಾಹೇಬರು ನನ್ನತ್ತ ನೋಡಿದರು. "ನೀವೇ ಹೇಳ್ರಿ. ನಿಮ್ಮ ಹೆಸರೇನು?"

ಮುಂದೆ ಅರ್ಜಿ ಇತ್ತು, ಪೆನ್ನು ನನ್ನ ಕೈಯಲ್ಲಿತ್ತು. ಆ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಅದೂ ಎಷ್ಟು ಸಲೀಸಾಗಿ ಅಂದರೆ ಅದಕ್ಕೇ ನಾನು ಹೆದರಿದ್ದು. ಒಮ್ಮೆ ಅಂದುಬಿಟ್ಟರೆ ಪರದೆಯ ಮೇಲಿದ್ದವಳು ಇಲ್ಲವಾಗುತ್ತಾಳೆ, ನಾನೂ ಇಲ್ಲವಾಗುತ್ತೇನೆ ಅನ್ನಿಸಿತು. ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು, ಊರಿನ ಹೆಸರು, ನೇಪಾಳದವಳು ಎಂಬುದು, ಯಾರೂ ಕೇಳದಿದ್ದರೂ ಎಲ್ಲ ಹೇಳಿದೆ. ಮುಂಗೈ ಮೇಲಿನ ಕೈ ನಿಧಾನಕ್ಕೆ ಸರಿಯಿತು.

ಸಾಹೇಬರು ದನಿ ಎತ್ತಲಿಲ್ಲ. ಅರ್ಜಿಯನ್ನು ಹರಿದು, ಇವರನ್ನು ಮನೆಗೆ ಕರೆದುಕೊಂಡು ಹೋಗಿ, ನಿಮ್ಮ ಕಾಗದ ತಂದು ನಿಮ್ಮ ಹೆಸರಲ್ಲಿ ಮಾಡಿಸಿ ಎಂದರು.

ದಾರಿಯುದ್ದಕ್ಕೂ ಆಯಿ ನನ್ನ ಮುಂದೆ ಮುಂದೆ ನಡೆದಳು. ಕೋಣೆ ಖಾಲಿ ಮಾಡಬೇಕಾಗುತ್ತದೆ ಎಂದು ನಾನು ಬಟ್ಟೆ ಮಡಿಚತೊಡಗಿದೆ. ಮಧ್ಯಾಹ್ನ ಊಟಕ್ಕೆ ಕರೆದಳು. ಹಿತ್ತಾಳೆಯ ತಾಟು ತೊಳೆದು ಗೋಡೆಯ ಮೇಲಿನ ಮಾಡದಲ್ಲಿ ಬೋರಲು ಹಾಕಿದ್ದಳು. ನನಗೊಂದು ಸ್ಟೀಲಿನ ತಾಟು ಹಾಕಿದ್ದಳು.

ಮರುದಿನ ಅವಳೇ ಮುಂದಾಗಿ ಬ್ಯಾಂಕಿಗೆ ಹೊರಟಳು. ಬಾಡಿಗೆಯ ಕಾಗದದ ಮೇಲೆ ಸಹಿ ಮಾಡಿದಳು. ಈ ಹುಡುಗಿ ನಿಮಗೆ ಗೊತ್ತೇ ಎಂದು ಮೇಡಂ ಕೇಳಿದ್ದಕ್ಕೆ ಆಯಿ, "ನೇಪಾಳದಾಕಿ. ನಮ್ಮ ಮನ್ಯಾಗ ಇರ್ತಾಳ. ಸುಳ್ಳ ಹೇಳಂಗಿಲ್ಲ" ಅಂದಳು. ಶನಿವಾರಕ್ಕೆ ಒಂದು ದಿನ ಮೊದಲೇ ನನ್ನ ಖಾತೆಯಾಯಿತು.

ಆಮೇಲೆ ಪ್ರತಿ ಗುರುವಾರ ಆಯಿ ಮಡಿ ಸೀರೆಯುಟ್ಟು ಚಿಂಚೋಳಿಯ ಬಸ್ಸು ಹತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದಳು. ಅಲ್ಲಿ ಏನು ಮಾಡುತ್ತಾಳೆ ಎಂದು ನಾನು ಕೇಳಲಿಲ್ಲ. ಬೇಸಿಗೆಯವರೆಗೂ ಹೀಗೇ ನಡೆಯಿತು. ಒಂದು ಗುರುವಾರ ಕಾಗದದಲ್ಲಿ ಸುತ್ತಿದ, ಹೊಸದಾಗಿ ಹೊಲಿಸಿದ ಕುಬಸವೊಂದನ್ನು ತಂದಳು. ಸರಿಯಾಯಿತೇ ಎಂದೆ. "ಅಳತಿ ಬರೋಬರ್ ಅದ" ಅಂದಳು. ಮತ್ತೆಂದೂ ಚಿಂಚೋಳಿಗೆ ಹೋಗಲಿಲ್ಲ. ಮಗಳು ಬರುತ್ತಿದ್ದಾಳೆ ಎಂದು ಯಾರಿಗೂ ಹೇಳಲೂ ಇಲ್ಲ.

ನಾನು ಅಲ್ಲೇ ಉಳಿದೆ. ಟ್ರಂಕಿನಲ್ಲಿದ್ದ ಮಗಳ ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದುಕೊಟ್ಟು ಆಯಿ ನನಗೆ ಓದಲು ಕಲಿಸಿದಳು. ಈಗ ಇಷ್ಟನ್ನು ಬರೆಯುತ್ತಿರುವುದು ಆ ಪುಸ್ತಕಗಳಿಂದ. ಹೋದ ಪುಷ್ಯದಲ್ಲಿ, ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಆಯಿ ಗೋಡೆಗೆ ಒರಗಿ ಹಾಗೇ ಹೋಗಿಬಿಟ್ಟಳು. ಮುಟ್ಟಿ ನೋಡಿದೆ. ಕೈ ಎಂದಿನಂತೆಯೇ ಇತ್ತು, ಅದರಿಂದ ಏನೂ ತಿಳಿಯಲಿಲ್ಲ. ಮಣ್ಣಿಗೆ ಕೂರಿಸುವಾಗ ನಾನೂ ವಿಭೂತಿ ಹಾಕಿದೆ.

ಮುಂದಿನ ಗುರುವಾರ ಚಿಂಚೋಳಿಗೆ ಹೋದೆ. ಬ್ಯಾಂಕಿನ ಒಳಗೆ ಕಿಟಕಿಯ ಪಕ್ಕ ಒಂದು ಬೆಂಚು, ಗುರುವಾರ ಬರುತ್ತಿದ್ದ ಆಯಿ ಕೂರುತ್ತಿದ್ದುದು ಅಲ್ಲೇ ಎಂದು ಜವಾನ ತೋರಿಸಿದ. ಅಲ್ಲಿ ಕೂತರೆ ರಸ್ತೆಯ ಆಚೆ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಕಾಣುತ್ತದೆ. ಮೆಷಿನ್ನಿನ ಹಿಂದೆ ಪರದೆಯಲ್ಲಿ ಕಂಡಿದ್ದ ಅದೇ ಕಣ್ಣುಗಳಿದ್ದವು.

ರಸ್ತೆ ದಾಟಿ ಹೋಗಿ, ಸೇಡಮ್ಮಿನಿಂದ ಬಂದೆ, ಆಯಿ ತೀರಿಕೊಂಡಳು ಎಂದೆ. ಆಕೆ ಹಿಡಿದ ಹೊಲಿಗೆಯನ್ನು ಕೊನೆಯವರೆಗೂ ಮುಗಿಸಿ, ದಾರ ಕತ್ತರಿಸಿದಳು.

"ಒಮ್ಮೆ ಬಂದಿದ್ಲು. ಟೇಪ್ ಹಿಡಿದು ಅಳತಿ ತಗೊಂಡೆ. ಆಕಿನೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ. ಚೀಟಿ ಮ್ಯಾಲ ಹೆಸರೇನ್ ಬರೀಲ್ರಿ ಅಂತ ಕೇಳ್ದೆ. ನಂದೇ ಹೆಸರು ಹೇಳಿದ್ಲು."

ಆಕೆ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಈಗ ಆ ಮನ್ಯಾಗ ಯಾರ್ ಅದಾರ?" ಎಂದಳು.

"ನಾ ಇದ್ದೀನಿ" ಅಂದೆ.

ಆಕೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. "ಛಲೋ ಆತು" ಎಂದು ಇನ್ನೊಂದು ಬಟ್ಟೆ ಎತ್ತಿಕೊಂಡು ಸೂಜಿಯ ಕೆಳಗಿಟ್ಟಳು.