ಶರಣಿಯ ಉಪವಾಸ

ಬೆಕ್ಕಿನ ಹಣೆಗೆ ವಿಭೂತಿ ಹಚ್ಚುವ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ, ಅವನು ನನ್ನ ದೊಡ್ಡಪ್ಪ. ಸಿರುಗುಪ್ಪದ ಮನೆಯಲ್ಲಿ ಬೆಳಗಿನ ಲಿಂಗಪೂಜೆ ಮುಗಿಸಿ ಹೊರಗೆ ಬಂದವನೇ ತನ್ನ ಬೆಕ್ಕು ಶರಣಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಗೆರೆ ಎಳೆಯುತ್ತಿದ್ದ. ಅವಳು ಮುಂಗಾಲಿನಿಂದ ಅದನ್ನು ಒರೆಸಿಕೊಳ್ಳುತ್ತಿದ್ದಳು. "ನೋಡ್ರಿ, ಶರಣು ಮಾಡಾಕತ್ಯಾಳ," ಎಂದು ಕಟ್ಟೆಯ ಮೇಲೆ ಕೂತವರಿಗೆ ತೋರಿಸುತ್ತಿದ್ದ. ಅವರೋ ಅವನಿಗೆ ಭತ್ತ ಮಾರಲು ಬಂದ ರೈತರು. ವ್ಯಾಪಾರ ಯಾಕೆ ಕೆಡಿಸಿಕೊಳ್ಳಬೇಕೆಂದು ಹೌದ್ರಿ ಹೌದ್ರಿ ಎನ್ನುತ್ತಿದ್ದರು.

ದೊಡ್ಡಪ್ಪನ ಆಚಾರಕ್ಕೆ ನೋಡುವವರು ಬೇಕಿತ್ತು. ಕಟ್ಟೆಯ ಮೇಲೆ ಜನ ಇದ್ದರೆ ಪೂಜೆಯ ಗಂಟೆ ಓಣಿಗೆಲ್ಲ ಕೇಳುತ್ತಿತ್ತು, ಇಲ್ಲದ ದಿನ ಗಂಟೆಯೇ ಇಲ್ಲ. ನಮ್ಮನ್ನು ಬೈಯುವಾಗಲೂ ಬೆಕ್ಕನ್ನೇ ಎಳೆದು ತರುತ್ತಿದ್ದ. "ಆ ಮೂಕಪ್ರಾಣಿಗೆ ಇರೋ ಆಚಾರ ನಿಮಗಿಲ್ಲ. ಹಾಲು ಅನ್ನ ಬಿಟ್ರ ಇನ್ನೊಂದು ಮೂಸಿ ನೋಡಂಗಿಲ್ಲ."

ಶರಣಿ ಗುಂಡುಗುಂಡಗಾಗಿದ್ದುದು ಉಗ್ರಾಣದ ಇಲಿ ತಿಂದು ಎನ್ನುವುದು ಓಣಿಗೆಲ್ಲ ಗೊತ್ತಿತ್ತು. ದೊಡ್ಡವ್ವ ಎದ್ದ ಕೂಡಲೇ ದೇವರ ಮನೆಗಿಂತ ಮೊದಲು ಉಗ್ರಾಣ ಗುಡಿಸುತ್ತಿದ್ದಳು. ಮೊರದಲ್ಲಿ ಇಲಿಯ ಬಾಲಗಳು. ನಾನು ನಕ್ಕರೆ, "ಬಾಯಿ ಮುಚ್ಚವ್ವಾ, ಅವರ ಕಿವಿಗೆ ಬಿದ್ದೀತು," ಎನ್ನುತ್ತಿದ್ದಳು. ಗಂಡನ ಮರ್ಯಾದೆಯನ್ನು ಮೊರದಲ್ಲಿ ಹೊತ್ತು ತಿಪ್ಪೆಗೆ ಚೆಲ್ಲುವುದರಲ್ಲೇ ಆ ಹೆಂಗಸಿನ ಸಂಸಾರ ಸವೆಯಿತು.

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಶರಣಿ ಮುದುಕಿಯಾದಳು. ಹಲ್ಲು ಉದುರಿದವು, ಕಣ್ಣಿಗೆ ಪೊರೆ ಬಂತು. ಇಲಿಗಳು ಅವಳ ಎದುರೇ ಓಡಾಡತೊಡಗಿದವು. ಹಾಲನ್ನ ಇಟ್ಟರೆ ಮೂಸಿ ಮುಖ ತಿರುಗಿಸುತ್ತಿದ್ದಳು. ಸವರಿದರೆ ಬೆನ್ನಿನ ಎಲುಬು ಕೈಗೆ ಸಿಗುತ್ತಿತ್ತು. ದೊಡ್ಡಪ್ಪ ದೃಷ್ಟಿಯಾಗಿದೆ ಎಂದ, ಕುರುಗೋಡಿನ ಅಯ್ಯನವರೊಬ್ಬರಿಂದ ತಾಯಿತ ತಂದು ಕಟ್ಟಿದ. ತಾಯಿತದ ಭಾರಕ್ಕೆ ಅವಳ ಕತ್ತು ಇನ್ನಷ್ಟು ಬಗ್ಗಿತು, ಅಷ್ಟೇ.

ಕೊನೆಗೆ ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಬಳ್ಳಾರಿಗೆ ಒಯ್ದ. ಬುಟ್ಟಿ ಹೊತ್ತವಳು ನಾನು. ಕಂಟೋನ್ಮೆಂಟಿನಲ್ಲಿ ಹಿಂದೆ ದಂಡಿನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರೊಬ್ಬರಿದ್ದರು. ಅವರು ಬೆಕ್ಕಿನ ಬಾಯಿ ತೆರೆದು ನೋಡಿ, "ರೋಗ ಏನೂ ಇಲ್ಲ. ವಯಸ್ಸಾಗೈತಿ, ಬ್ಯಾಟಿ ಆಡಾಕ ಆಗವಲ್ದು. ಮೀನು ಬೇಯಿಸಿ, ಮುಳ್ಳು ತೆಗೆದು ತಿನ್ಸ್ರಿ," ಎಂದರು.

ದೊಡ್ಡಪ್ಪ ಉರಿದುಬಿದ್ದ. "ನಾವು ಯಾರಂತ ತಿಳ್ಕೊಂಡೀರಿ? ನಮ್ಮ ಮನ್ಯಾಗ ಬೆಕ್ಕು ಸೈತ ಅಂಥದ್ದು ಮುಟ್ಟಂಗಿಲ್ಲ!"

ಡಾಕ್ಟರು ನಕ್ಕುಬಿಟ್ಟರು. ಎಮ್ಮೆ ಹಿಡಿದುಕೊಂಡು ನಿಂತಿದ್ದವರೂ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ, "ಅದಕ್ಕ ಹಸಿವಾಗೈತಿ ದೊಡ್ಡಪ್ಪಾ," ಎಂದೆ. ಅವನು ಕಿಟಕಿಯ ಕಡೆ ತಿರುಗಿ ಕೂತ.

ಶರಣಿ ತನ್ನ ದಾರಿ ತಾನೇ ನೋಡಿಕೊಂಡಳು. ಪಕ್ಕದ ಮನೆಯ ಹುಸೇನ್‌ಬಿ ಹೊಳೆಮೀನು ಕುದಿಸಿದ ದಿನ ತೆವಳುತ್ತ ಅಲ್ಲಿಗೆ ಹೋದಳು. ಹುಸೇನ್‌ಬಿ ಮುಳ್ಳು ತೆಗೆದು, ಬೆರಳಿನಲ್ಲಿ ಹಿಸುಕಿ ತಿನ್ನಿಸಿದಳು. ಅಂದಿನಿಂದ ಅದು ರೂಢಿಯಾಯಿತು, ಬೆಕ್ಕಿನ ಮೈಗೆ ಹೊಳಪು ಬಂತು. ದೊಡ್ಡಪ್ಪ ಎಲ್ಲ ತಾಯಿತದ ಮಹಿಮೆ ಎಂದು ಕಟ್ಟೆಯ ಮೇಲೆ ಕೂತು ಕೊಚ್ಚಿಕೊಳ್ಳುತ್ತಿದ್ದಾಗಲೇ ಶರಣಿ ಮೀನಿನ ತಲೆಯೊಂದನ್ನು ಒಸಡಿನಲ್ಲಿ ಹಿಡಿದು ತಂದು ಅವನ ಪಾದದ ಹತ್ತಿರ ಇಟ್ಟಳು. ಪಾಪ, ಪ್ರೀತಿಗೇ ತಂದಿದ್ದಳು. ರೈತರು ತಲೆ ತಗ್ಗಿಸಿ ನಗು ನುಂಗಿಕೊಂಡರು.

ದೊಡ್ಡಪ್ಪ ಅವಳ ಬಾಯಿ ತೊಳೆದ, ವಿಭೂತಿ ಬಳಿದ, ಪಡಸಾಲೆಯ ಕಂಬಕ್ಕೆ ಕಟ್ಟಿ ಮುಂದೆ ಹಾಲನ್ನ ಇಟ್ಟ. ಹುಸೇನ್‌ಬಿ ಬಾಗಿಲಿಗೆ ಬಂದಳು. "ಅಣ್ಣಾರ, ಮುದಿ ಜೀವ ಐತಿ, ಬಿಡ್ರಿ. ಪಾಪ ಬಂದ್ರ ನನಗ ಬರ್ಲಿ." ಅವನು ಅವಳ ಮುಖದ ಮೇಲೇ ಕದ ಹಾಕಿದ. ದೊಡ್ಡವ್ವ ಕಣ್ಣೊರೆಸಿಕೊಂಡಳೇ ಹೊರತು ಹಗ್ಗ ಬಿಚ್ಚಲಿಲ್ಲ. ನಾನು ಬಿಚ್ಚಿದರೆ ಅವನು ಮತ್ತೆ ಕಟ್ಟುತ್ತಿದ್ದ. ಆ ವಾರವೇ ಶರಣಿ ಕಂಬದ ಬುಡದಲ್ಲಿ ಸತ್ತಳು, ಬಟ್ಟಲಿನ ಹಾಲು ಕೆನೆಗಟ್ಟಿ ಹಾಗೇ ಇತ್ತು.

ಹಿತ್ತಲಲ್ಲಿ ಗುಂಡಿ ತೆಗೆಸಿ, ನಮ್ಮ ಮಂದಿಯನ್ನು ಮಣ್ಣು ಮಾಡುವ ಹಾಗೆ ಅವಳನ್ನೂ ಕೂಡಿಸಿ, ಹೂವು ಪತ್ರಿ ಹಾಕಿಸಿದ. ಬಂದವರಿಗೆಲ್ಲ, "ಉಪವಾಸ ಇದ್ದು ಲಿಂಗೈಕ್ಯ ಆದ್ಲು," ಎಂದ. ಅವನ ಮುಖಕ್ಕೆ ಉಗಿಯಬೇಕೆನಿಸಿತು ನನಗೆ.

ಅವನನ್ನು ಕೊನೆಯ ಸಲ ನೋಡಿದ್ದು ನನಗೆ ಮದುವೆಯಾದ ಮೇಲೆ. ಹಾಸಿಗೆ ಹಿಡಿದಿದ್ದ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ದೊಡ್ಡವ್ವ ಬಟ್ಟಲಿನಲ್ಲಿ ಹಾಲನ್ನ ಕಿವುಚಿ ತಂದಳು. ಅವನು ಒಮ್ಮೆ ನೋಡಿ ಮುಖ ತಿರುಗಿಸಿದ. ಆ ಮುಖವನ್ನು ನಾನು ಮೊದಲೇ ನೋಡಿದ್ದೆ.

"ಅದಕ್ಕ ಹಸಿವಾಗಿತ್ತವ್ವಾ," ಎಂದ, ನನ್ನ ಕಡೆ ನೋಡದೆ. "ನನಗ ಗೊತ್ತಿತ್ತು. ಇಲಿ ತಿಂತಿದ್ದದ್ದೂ ಗೊತ್ತಿತ್ತು. ಇವಳು ಬಾಲ ಗುಡಿಸಿ ಚೆಲ್ತಿದ್ದದ್ದೂ ಗೊತ್ತಿತ್ತು."

ದೊಡ್ಡವ್ವ ಬಟ್ಟಲನ್ನು ಅವನ ಎದುರಿಗಿಟ್ಟು ಹತ್ತಿರ ಸರಿಸಿದಳು.

"ಉಣ್ರಿ," ಎಂದಳು.