ಹಾಯಿದೋಣಿಯ ಐದು ಬಲ್ಬು

ನನ್ನ ತಮ್ಮ ಪರಮಶಿವಯ್ಯನಿಗೆ ಈಜು ಬರುವುದಿಲ್ಲ. ಆದರೂ ಬದುಕಿನ ಬಹುಪಾಲನ್ನು ಅವನು ನೀರಿನ ಮೇಲೆಯೇ ಕಳೆದ. ದಂಡಿಗನಹಳ್ಳಿಯಲ್ಲಿ ನಾವು ಚಿಕ್ಕವರಿದ್ದಾಗ ಬಾಳೆದಿಂಡುಗಳನ್ನು ಸೇರಿಸಿ ಕಟ್ಟಿ, ಕೆರೆಗೆ ಬಿಟ್ಟುಕೊಂಡು ಅದರ ಮೇಲೆ ಕೂರುತ್ತಿದ್ದ. ನಾನು ದಡದಲ್ಲಿ ನಿಂತು ಅಳುತ್ತಿದ್ದೆ. ಈಜು ಕಲಿ ಅಂತ ಅಪ್ಪ ಹೊಡೆದರೆ, "ದಿಂಡು ತೇಲ್ತದಲ್ಲಪ್ಪ, ನಾನ್ಯಾಕೆ ಈಜ್ಲಿ" ಅನ್ನುತ್ತಿದ್ದ.

ಮದುವೆಯಾದ ಮೇಲೆ ಮಾವನ ಮನೆಯವರು ಅವನನ್ನು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೂರಿಸಿದರು. ಕಾಯಿ ತಟ್ಟಿ ನೋಡುವುದು, ಮೂಟೆ ಹೊಲಿಸುವುದು, ಲಾರಿಗೆ ಏರಿಸುವುದು. ಒಂದು ವರ್ಷ ಹೇಗೋ ಕೂತ. ಆಮೇಲೆ ಯಾರಿಗೂ ಹೇಳದೆ ಗೊರೂರಿಗೆ ಹೋಗಿ, ಅಣೆಕಟ್ಟೆಯ ಹಿನ್ನೀರಿನಲ್ಲಿ ಓಡುವ ನೀರಾವರಿ ಇಲಾಖೆಯ ಲಾಂಚಿನಲ್ಲಿ ದಿನಗೂಲಿಗೆ ಸೇರಿಕೊಂಡ. ಅವನ ಹೆಂಡತಿ ಗಂಗಾಂಬಿಕೆ ಬಾಯಿ ಜೋರಿನವಳು. "ಕಾಯಿ ಬ್ಯಾಡ ಅಂತ ನೀರು ಕಾಯಕ್ ಹೋದ್ರು ನಮ್ಮೋರು" ಅಂತ ಬಂದವರಿಗೆಲ್ಲ ಹೇಳಿಕೊಂಡು, ಪಾತ್ರೆ ಪಗಡ ಕಟ್ಟಿಕೊಂಡು ತಾನೂ ಗೊರೂರಿಗೆ ಬಂದಳು.

ಲಾಂಚು ಓಡಿಸುವುದನ್ನು ಅವನು ಅಲ್ಲೇ ಕಲಿತ. ತೊಂಬತ್ತನೇ ಇಸವಿ ಕಳೆದು ಮೂರೋ ನಾಲ್ಕೋ ವರ್ಷಕ್ಕೆ ಲಾಂಚು ಗುಜರಿಗೆ ಹೋಯಿತು. ಪರಮಶಿವಯ್ಯನನ್ನು ಗೆಸ್ಟ್ ಹೌಸಿನ ಗೇಟಿಗೆ ಹಾಕಿದರು. ನಮ್ಮ ಯಜಮಾನರು ತೀರಿಹೋಗಿ ನಾನು ತಮ್ಮನ ಮನೆ ಸೇರಿದ್ದೂ ಆ ಕಾಲದಲ್ಲೇ. ಅವನ ಕೆಲಸ ಇಷ್ಟೇ, ಜೀಪು ಬಂದರೆ ಗೇಟು ತೆಗೆಯಬೇಕು, ಹೋದರೆ ಹಾಕಬೇಕು. ಉಳಿದ ಹೊತ್ತು ಕುರ್ಚಿಯಲ್ಲಿ ಕೂತಿರುತ್ತಿದ್ದ. ಎದುರಿಗೆ ಅಷ್ಟು ದೊಡ್ಡ ನೀರಿದ್ದರೂ ಕುರ್ಚಿಯನ್ನು ರಸ್ತೆ ಕಡೆ ತಿರುಗಿಸಿ ಹಾಕಿಕೊಂಡಿರುತ್ತಿದ್ದ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಹಾಗೇ ಮರೆತು ಕೂರುತ್ತಿದ್ದ. "ಮೈಗೆ ಸರಿ ಇಲ್ವೇನೋ" ಅಂದರೆ, "ಚೆನ್ನಾಗಿವ್ನಿ ಕಣಕ್ಕ" ಅನ್ನುತ್ತಿದ್ದ. ಚೆನ್ನಾಗಿರುವವನು ಆ ದನಿಯಲ್ಲಿ ಹೇಳುವುದಿಲ್ಲ.

ಅವನನ್ನು ಆ ಕುರ್ಚಿಯಿಂದ ಎಬ್ಬಿಸಿದವರು ಪಟ್ಟಾಭಿರಾಮಯ್ಯನವರು. ಹೊಳೆನರಸೀಪುರದವರು, ಇಂಜಿನಿಯರಾಗಿ ರಿಟೈರಾಗಿ ಹಾಸನದಲ್ಲಿ ಮನೆ ಮಾಡಿದ್ದರು. ಮಂಗಳೂರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಊರಿನವರೆಲ್ಲ ನೋಡಲು ಹೋಗಿದ್ದೆವು. ದೋಣಿಯ ಹೊಟ್ಟೆಯೊಳಗೆ ಒಂದು ಪುಟ್ಟ ಕೋಣೆ, ಎರಡು ಮಲಗುವ ಹಲಗೆ, ಒಂದು ಒಲೆ, ಚಾವಣಿಯಲ್ಲಿ ಐದು ದೀಪ. ಗಾಳಿ ಇಲ್ಲದಿದ್ದರೆ ಇರಲಿ ಅಂತ ಹಿಂದೆ ಒಂದು ಸಣ್ಣ ಇಂಜಿನ್ನು. ನೋಡಿಕೊಳ್ಳಲು ಜನ ಬೇಕು ಅಂತ ಅವರು ಕೇಳಿದ್ದೇ ತಡ, ಪರಮಶಿವಯ್ಯ ಗೇಟಿನ ಬೀಗದ ಕೈಯನ್ನು ಗೆಸ್ಟ್ ಹೌಸ್ ನೋಡಿಕೊಳ್ಳುವ ಮೇಟಿಯ ಕೈಗಿಟ್ಟು ಬಂದುಬಿಟ್ಟ. ಹಾಯಿ ಕಟ್ಟುವುದನ್ನು ಅವರು ಪುಸ್ತಕ ನೋಡಿ ಹೇಳುತ್ತಿದ್ದರು, ಇವನು ಗಾಳಿ ನೋಡಿ ಕಟ್ಟುತ್ತಿದ್ದ. ಇಬ್ಬರೂ ಒಂದೆರಡು ಸಲ ನೀರಿಗೆ ಬಿದ್ದರು. ಇವನಿಗೆ ಅವರೇ ತೇಲುವ ಅಂಗಿ ತೊಡಿಸಿದರು.

ಏಳೆಂಟು ವರ್ಷ ಚೆನ್ನಾಗಿ ನಡೆಯಿತು. ತೊಂದರೆ ಬಂದದ್ದು ಆ ಐದು ದೀಪದಿಂದ. ಪಟ್ಟಾಭಿರಾಮಯ್ಯನವರಿಗೆ ಸಂಜೆ ನೀರಿನ ನಡುವೆ ದೋಣಿ ನಿಲ್ಲಿಸಿ, ಕೋಣೆಯಲ್ಲಿ ಕೂತು ಓದುವುದೆಂದರೆ ಪ್ರಾಣ. ವಯಸ್ಸಾದಂತೆ ಕಣ್ಣು ಮಂಜಾಗಿ, ಒಂದು ದೀಪ ಸಾಲದೆ ಐದನ್ನೂ ಹಾಕಿಕೊಳ್ಳುತ್ತಿದ್ದರು. ಅವು ಹ್ಯಾಲೊಜೆನ್ ಬಲ್ಬು, ಕಡಲೆಕಾಳಿನಷ್ಟೇ ಇದ್ದು ಕೆಂಡದ ಹಾಗೆ ಕಾಯುತ್ತಿದ್ದವು. ಒಳಗೆ ಹೋದರೆ ರೊಟ್ಟಿಯ ಹೆಂಚಿನ ಕೆಳಗೆ ಕೂತ ಹಾಗಾಗುತ್ತಿತ್ತು. ಅವರು ಓದಿ ಮುಗಿಸುವ ಹೊತ್ತಿಗೆ ಬ್ಯಾಟರಿ ಖಾಲಿ. ಇಂಜಿನ್ನನ್ನು ಚಾಲೂ ಮಾಡುವುದೂ ಅದೇ ಬ್ಯಾಟರಿ. ಸಂಜೆ ಗಾಳಿಯೂ ಬಿದ್ದುಹೋಗಿರುತ್ತಿತ್ತು. ಬ್ಯಾಟರಿ ಹೊಸದು ಹಾಕಿಸಿದರೂ ಅಷ್ಟೇ. ಮೀನಿನವರು ಹರಿಗೋಲಿನಲ್ಲಿ ಬಂದು ಹಗ್ಗ ಕಟ್ಟಿ ಎಳೆಯಬೇಕಾಗುತ್ತಿತ್ತು. ಅವರಲ್ಲಿ ತಿಮ್ಮಪ್ಪನೆಂಬುವನು ಒಮ್ಮೆ, "ಯಾಕ್ ಸಾ, ಒಂದ್ ಜೊತೆ ಎತ್ತು ತಂದ್ಬುಡಿ, ನೊಗ ನಾನ್ ಕೊಡ್ತೀನಿ" ಅಂದನಂತೆ. ಪಟ್ಟಾಭಿರಾಮಯ್ಯನವರಿಗೆ ಆ ಮಾತು ತಾಗಿತು. ಮಂಡಿನೋವು ಬೇರೆ. ದೋಣಿಯನ್ನು ಮಾರಿಬಿಡುವುದು ಅಂತ ತೀರ್ಮಾನ ಮಾಡಿ, ಮೈಸೂರಿನ ಒಬ್ಬರಿಗೆ ಬಂದು ನೋಡಿ ಅಂತ ಹೇಳಿಯೂ ಬಿಟ್ಟರು.

ಪರಮಶಿವಯ್ಯ ಮನೆಗೆ ಬಂದ. ಮುದ್ದೆ ಅದ್ದಿಕೊಂಡು ಕೂತ. ನನಗೆ ಗೊತ್ತಾಗಿಹೋಯಿತು.

ಅದೇ ವಾರ ನಾನೂ ಅವನೂ ದಂಡಿಗನಹಳ್ಳಿಗೆ ಒಂದು ತಿಥಿಗೆ ಹೋಗಿ ವಾಪಸ್ಸು ಬರುತ್ತಿದ್ದೆವು. ಎರಡು ಸಾವಿರದ ಎಂಟನೇ ಇಸವಿ. ಚನ್ನರಾಯಪಟ್ಟಣದಲ್ಲಿ ಹೊಸ ಪ್ರೈವೇಟ್ ಬಸ್ಸೊಂದು ಇಂಜಿನ್ ಆಫ್ ಮಾಡಿ ನಿಂತಿತ್ತು, ಒಳಗೆ ಮಾತ್ರ ಸಾಲಾಗಿ ಬಿಳೀ ದೀಪ ಉರಿಯುತ್ತಿತ್ತು. ಡ್ರೈವರು ಕೆಳಗೆ ನಿಂತು ಟೀ ಕುಡಿಯುತ್ತಿದ್ದ.

"ಇಷ್ಟೊಂದು ದೀಪ ಆಕಿದ್ದೀಯಲ್ಲ, ಬ್ಯಾಟ್ರಿ ಇಳಿಯಲ್ವೇನಪ್ಪ?" ಅಂತ ಇವನು ಕೇಳಿದ.

"ಇದು ಎಲ್‌ಇಡಿ ಕಣಯ್ಯ. ಇರುವೆ ಊಟ ಮಾಡ್ದಂಗೆ ಕರೆಂಟ್ ತಿಂತದೆ. ಯಾಕೆ, ಬಸ್ ತಗಂಡಿದ್ದೀಯಾ?"

"ಇಲ್ಲ, ದೋಣಿ."

ಡ್ರೈವರು ನನ್ನ ಮುಖ ನೋಡಿದ. ನಾನು ಹೌದು ಅಂತ ತಲೆಯಾಡಿಸಿದೆ.

ಪರಮಶಿವಯ್ಯ ಮಾರನೇ ದಿನವೇ ಹಾಸನಕ್ಕೆ ಹೋಗಿ ಪಟ್ಟಾಭಿರಾಮಯ್ಯನವರಿಗೆ ಹೇಳಿದ. ಅವರು, "ನೋಡ್ರೀ ಪರಮಶಿವಯ್ಯ, ಭಾನುವಾರ ಬೆಳಿಗ್ಗೆ ಮೈಸೂರಿನವರು ಬರ್ತಾರೆ. ಶನಿವಾರ ಸಂಜೆ ಈ ಬಲ್ಬು ಹಾಕಿ ಓದ್ತೀನಿ. ಮಾರನೇ ಬೆಳಿಗ್ಗೆ ಇಂಜಿನ್ನು ಒಂದೇ ಸಲಕ್ಕೆ ಚಾಲೂ ಆದ್ರೆ ಅವರಿಗೆ ಕಾಫಿ ಕೊಟ್ಟು ಕಳಿಸ್ತೀನಿ. ಆಗಲಿಲ್ಲ ಅಂದ್ರೆ ನೀವು ಮುಖ ಸಪ್ಪೆ ಮಾಡ್ಕೋಬಾರದು" ಅಂದರು. ಬಲ್ಬುಗಳನ್ನು ಅವರೇ ಬೆಂಗಳೂರಿನಿಂದ ತರಿಸಿದರು.

ಶನಿವಾರ ಮಧ್ಯಾಹ್ನ ಇಬ್ಬರೂ ಸೇರಿ ಹಳೆಯ ಬಲ್ಬು ಕಿತ್ತು ಹೊಸದು ಚುಚ್ಚಿದರು. ಎರಡು ಹತ್ತಿದವು, ಮೂರು ಹತ್ತಲಿಲ್ಲ. ಪಟ್ಟಾಭಿರಾಮಯ್ಯನವರು ಡಬ್ಬಿಯ ಮೇಲಿನ ಅಕ್ಷರವನ್ನು ಕಣ್ಣಿಗೆ ತಾಗಿಸಿಕೊಂಡು ಓದಿ, "ಇದಕ್ಕೆ ದಿಕ್ಕು ಇದೆಯಂತೆ ಕಣ್ರೀ, ತಿರುಗಿಸಿ ಹಾಕಿ" ಅಂದರು. ಚಿತ್ರಾನ್ನದ ಡಬ್ಬಿ ಹಿಡಿದು ದಡದಲ್ಲಿ ನಿಂತಿದ್ದ ಗಂಗಾಂಬಿಕೆ, "ಬಲ್ಬಿಗೂ ವಾಸ್ತು ಬಂತಾ" ಅಂದಳು. ತಿರುಗಿಸಿ ಹಾಕಿದರೆ ಮೂರೂ ಹತ್ತಿದವು. ಬೆಳಕು ಬೆಳ್ಳಗೆ, ಆಸ್ಪತ್ರೆಯ ಹಾಗಿತ್ತು. ಆದರೆ ಕೈಯಿಟ್ಟರೆ ಕಾವೇ ಇಲ್ಲ.

ಆ ಸಂಜೆ ನಮ್ಮನ್ನೂ ದೋಣಿಗೆ ಕರೆದರು. ನಾನು, ಗಂಗಾಂಬಿಕೆ, ಅವಳ ಸೊಸೆ ಮಾನ್ಯ. ಈ ಹುಡುಗಿಯ ತಂದೆ ಮಿಲಿಟರಿಯಲ್ಲಿದ್ದು ಊರೂರು ತಿರುಗಿದವರು. ಅವಳ ಕನ್ನಡ ಚೆನ್ನಾಗಿಯೇ ಇತ್ತು, ಆದರೆ ಬಡಿಸಿದಷ್ಟನ್ನೇ ಉಣ್ಣುವವರ ಹಾಗೆ, ಹೇಳಿದ ಮಾತನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತಿದ್ದಳು. ಪಟ್ಟಾಭಿರಾಮಯ್ಯನವರು ಓದಿದರು, ನಾವು ತಿಂದೆವು. ಪಡುವಣ ಇನ್ನೂ ಬೆಳ್ಳಗಿರುವಾಗಲೇ ಇಂಜಿನ್ನು ಸಲೀಸಾಗಿ ಹೊರಟು ದೋಣಿ ದಡ ಸೇರಿತು. ನಮಗೆ ಇಳಿಯಲು ಎರಡು ದೀಪ ಬಿಟ್ಟು, ಗಂಡಸರು ಮಾತಾಡುತ್ತ ಮುಂದೆ ನಡೆದರು. ಗಂಗಾಂಬಿಕೆ ಮೆಟ್ಟಿಲು ಹತ್ತುತ್ತ, ಹಿಂದೆ ಉಳಿದಿದ್ದ ಸೊಸೆಗೆ, "ಡಬ್ಬಿ ಎತ್ಕೊಂಡು, ದೀಪ ದೊಡ್ಡದು ಮಾಡ್ಬುಟ್ಟು, ಬಾಗ್ಲು ಹಾಕ್ಕೊಂಡು ಬಾರವ್ವ" ಅಂದಳು. ಅವಳು ಹಾಗೇ ಮಾಡಿ ಬಂದಳು.

ಬೆಳಿಗ್ಗೆ ಮೈಸೂರಿನವರು ಬರುವ ಮೊದಲು ದೋಣಿ ಗುಡಿಸೋಣ ಅಂತ ನಾವೆಲ್ಲ ಹೋದೆವು. ಪರಮಶಿವಯ್ಯ ಕೋಣೆಯ ಬಾಗಿಲು ಸರಿಸಿದವನು ಹಾಗೇ ನಿಂತ. ಒಳಗೆ ಐದಕ್ಕೆ ಐದೂ ದೀಪ ಮದುವೆ ಮನೆಯ ಹಾಗೆ ಉರಿಯುತ್ತಿದ್ದವು.

"ಯಾರ್ ಕೆಲ್ಸ ಇದು?" ಅಂದ.

"ನಾನೇ ಮಾವ. ಎರಡೇ ದೀಪ ಇತ್ತು. ಅತ್ತೆ ದೊಡ್ಡದು ಮಾಡು ಅಂದರು, ಐದೂ ಹಾಕಿದೆ" ಅಂದಳು ಮಾನ್ಯ.

ಗಂಗಾಂಬಿಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ. ಮನೆಯಲ್ಲಿ ಜೀವ ಹೋದಾಗ ದೀಪ ಆರಿತು ಅನ್ನುತ್ತಾರೆ. ಅದಕ್ಕೇ ದೊಡ್ಡದು ಮಾಡು ಅನ್ನುವುದು. ಆ ಹುಡುಗಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರು?

"ನಿನ್ ಬಾಯಿಗಿಷ್ಟು ಮಣ್ಣ್ ಹಾಕ, ಆಫ್ ಮಾಡು ಅಂದಿದ್ರೆ ಏನಾಗ್ತಿತ್ತೇ" ಅಂದ ಪರಮಶಿವಯ್ಯ.

"ಮುಸ್ಸಂಜೆ ಹೊತ್ನಲ್ಲಿ ಹೆಂಗನ್ನಾದು? ಅದೂ ಈ ದೋಣೀಗೆ?"

ಅವನು ಮಲಗುವ ಹಲಗೆಯ ಮೇಲೆ ಕೂತುಬಿಟ್ಟ. ದೀಪವನ್ನೂ ತೆಗೆಯಲಿಲ್ಲ, ಇಂಜಿನ್ನಿನ ಕೀಯನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಗೊತ್ತಾಗಿಬಿಡುತ್ತದಲ್ಲ. ಅಷ್ಟರಲ್ಲಿ ಪಟ್ಟಾಭಿರಾಮಯ್ಯನವರು ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಪರಮಶಿವಯ್ಯ ಎದ್ದು ನಿಂತು, "ರಾತ್ರಿಯೆಲ್ಲ ಉರಿದವೆ ಸಾ, ಐದೂ" ಅಂದ. ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ಮಾನ್ಯಳೇ ಮುಂದೆ ಬಂದು ನಡೆದದ್ದನ್ನು ಹೇಳಿದಳು.

ಅವರು ನಗಲಿಲ್ಲ, ಬೈಯಲೂ ಇಲ್ಲ. "ನಮ್ಮಮ್ಮನೂ ಹಾಗೇ ಅಂತಿದ್ದರು" ಅಂದರು. ಆಮೇಲೆ, "ಕೀ ತಿರುಗಿಸಿ" ಅಂದರು.

"ಬ್ಯಾಡಿ ಸಾ."

"ತಿರುಗಿಸ್ರೀ."

ತಮ್ಮ ಇಂಜಿನ್ನಿನ ಹತ್ತಿರ ಹೋದ. ತಿರುಗಿಸಿದ. ಇಂಜಿನ್ನು ಒಂದು ಸಲ ಕೆಮ್ಮಿತು, ಅಷ್ಟೇ, ಹೊರಟುಬಿಟ್ಟಿತು. ದೀಪಗಳು ಒಂದು ಚೂರೂ ಮಂಕಾಗಲಿಲ್ಲ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿದ ಹಾಗಾಗಿ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಗಂಗಾಂಬಿಕೆ ಸೊಸೆಯ ಕೆನ್ನೆ ಹಿಂಡಿ, "ನೀನ್ ಕಣೇ ಪರೀಕ್ಷೆ ಮಾಡ್ದೋಳು" ಅಂದಳು. ಪರಮಶಿವಯ್ಯ ಇಂಜಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಎಲ್ಲಿ ನಿಂತುಹೋಗುತ್ತದೋ ಅನ್ನುವ ಹಾಗೆ.

ಮೈಸೂರಿನವರು ಬಂದರು. ಪಟ್ಟಾಭಿರಾಮಯ್ಯನವರು ಕೈಮುಗಿದು, "ದಯವಿಟ್ಟು ಕ್ಷಮಿಸಿ, ಮಾರೋದಿಲ್ಲ" ಅಂದರು. ಆ ಮನುಷ್ಯ ಕಾಫಿ ಲೋಟ ಹಿಡಿದು ಸಪ್ಪಗೆ ನಿಂತಿದ್ದ. ಅದನ್ನು ನೋಡಲಾಗದೆ ಪರಮಶಿವಯ್ಯನೇ, "ಅಷ್ಟು ದೂರದಿಂದ ಬಂದವ್ರೆ, ಒಂದ್ ಸುತ್ತು ಕರ್ಕಂಡೋಗಿ ಬತ್ತೀನಿ ಸಾ" ಅಂದ. ಮೈಸೂರಿನವರಿಗೆ ತನ್ನ ತೇಲುವ ಅಂಗಿಯನ್ನೇ ಬಿಚ್ಚಿ ತೊಡಿಸಿ, ಹಾಯಿ ಏರಿಸಿಕೊಂಡು ಹೋದ.

"ತೇಲೋ ಅಂಗಿ ಇಲ್ದೆ ಹೋದ್ರಲ್ಲಕ್ಕ" ಅಂತ ಗಂಗಾಂಬಿಕೆ ಕೂಗಾಡಿದಳು. ಹೋಗಲಿ ಬಿಡು, ದೋಣಿ ತೇಲ್ತದಲ್ಲ ಅಂದೆ.