ಎಡವಲೆಂದೇ ಕಟ್ಟಿದ ಜಾಗ

ವೆಲ್ಡಿಂಗ್ ಅಂಗಡಿಯ ಆ ಕೆಲಸಗಾರನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಮುಂಗೋಪಿ ಅಂತಲ್ಲ, ಅವನ ಅಂಗಿಗಳಲ್ಲೆಲ್ಲ ಕಿಡಿ ಬಿದ್ದ ತೂತುಗಳಿದ್ದವು. ಅಂಗಡಿಯ ಎದುರಿನ ಪಾಳು ಜಾಗದಲ್ಲಿ ಹುಡುಗರು ಗಾಲಿಹಲಗೆ ಮೇಲೆ ಜಾರಿ ಹಾರುವ ಸ್ಕೇಟ್ ಪಾರ್ಕ್ ಎದ್ದಾಗ ಅಲ್ಲಿನ ಕಂಬಿಗಳನ್ನು ಬೆಸೆದವನು ಅವನೇ. ಗಟ್ಟಿಯಾಗಿದೆಯೋ ಇಲ್ಲವೋ ನೋಡೇಬಿಡೋಣ ಎಂದು ಯಾರದೋ ಸ್ಕೇಟ್‌ಬೋರ್ಡ್ ಇಸಿದುಕೊಂಡು ಹತ್ತಿದ. ಅಂಗಾತ ಬಿದ್ದ. ಬಿದ್ದಲ್ಲೇ ನಕ್ಕ. ಆಗ ಅವನಿಗೆ ಮೂವತ್ತು ದಾಟಿತ್ತು, ಮಗಳು ತೊಟ್ಟಿಲಲ್ಲಿದ್ದಳು. ಅಂದಿನಿಂದ ಕೆಲಸ ಮುಗಿದರೆ ಅಲ್ಲೇ ಠಿಕಾಣಿ.

"ಮಗು ಇರೋ ಗಂಡಸು ಗಾಲಿ ಮೇಲೆ ಕುಣಿತಾ ಇದ್ರೆ ಜನ ನನ್ನ ಆಡ್ಕೋತಾರೆ ರೀ," ಎನ್ನುತ್ತಿದ್ದಳು ಹೆಂಡತಿ. ಅವಳು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು.

"ಕುಡಿದು ಬೀಳ್ತಿಲ್ವಲ್ಲ ಮಾರಾಯ್ತಿ, ಸುಮ್ನೆ ಬೀಳ್ತಿದೀನಿ."

ಅವನ ಕಣ್ಣು ಕೆಟ್ಟದ್ದು ಅಂಚಿನಿಂದ. ಮೊದಲು ಮುಸ್ಸಂಜೆಯ ದಾರಿ ಕಾಣದಾಯಿತು. ಆಮೇಲೆ ಹಗಲಲ್ಲೂ ಪಕ್ಕದಿಂದ ಬಂದವರು ಕಾಣದಾದರು, ಕೊಳವೆಯೊಳಗಿಂದ ಲೋಕ ನೋಡಿದ ಹಾಗೆ. ಎಲ್ಲ ವೆಲ್ಡಿಂಗಿನ ಬೆಳಕಿನ ಉಪಕಾರ ಎಂದುಕೊಂಡ. ಹೆಬ್ಬೆರಳು ಸುಟ್ಟುಕೊಂಡ ದಿನ ಮಾಲೀಕ ಅವನನ್ನು ಬೆಂಕಿಯ ಕೆಲಸದಿಂದ ಬಿಡಿಸಿ, ನಟ್ಟು ಬೋಲ್ಟು ಬೇರೆ ಮಾಡಲು ಮೂಲೆಗೆ ಕೂರಿಸಿದ.

ಮನೆಯಲ್ಲಿ ಹೊಸ್ತಿಲು ಎಡವಿದ, ಬಕೆಟ್ ಒದ್ದ, ಬೀದಿಯಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳ ಮೇಲೆ ಬಿದ್ದ. ಪಾರ್ಕಿನಲ್ಲಾದರೆ ದಿಬ್ಬ, ಮೆಟ್ಟಿಲು, ಕಂಬಿ ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. ಇಳಿಜಾರು ಬಂದದ್ದು ಗಾಲಿಯ ಸದ್ದಿನಲ್ಲೇ ತಿಳಿಯುತ್ತಿತ್ತು. ಬಟ್ಟಲಿನಂಥ ದೊಡ್ಡ ಸಿಮೆಂಟು ಗುಂಡಿಯ ಅಂಚಿಗೆ ಬಂದು, "ಹಗಲು ಕಂಡ ಬಾವಿಗೆ ಹಗಲೇ ಬೀಳ್ತಿದೀನಿ, ದಾರಿ ಬಿಡ್ರಪ್ಪೋ!" ಎಂದು ಕೂಗಿ ಧುಮುಕುತ್ತಿದ್ದ. ಒಂದು ಗೋಡೆ ಇಳಿದು ಇನ್ನೊಂದು ಏರುವಷ್ಟರಲ್ಲಿ ಹೊಟ್ಟೆ ಹಗುರಾಗಿ ಬಾಯಿಗೆ ಬಂದಂತಾಗುತ್ತಿತ್ತು. ಆ ಗಳಿಗೆ ಅವನಿಗೆ ಕಣ್ಣಿನ ನೆನಪೇ ಬರುತ್ತಿರಲಿಲ್ಲ.

ಮಗಳು ಶಾಲೆಗೆ ಸೇರಿದ ವರ್ಷ, ಒಂದು ಸಂಜೆ ಬಾಗಿಲಲ್ಲಿ ನಿಂತು, "ಅಮ್ಮಾ, ನನ್ನ ಚಪ್ಪಲಿ ಎಲ್ಲಿ?" ಎಂದಳು.

"ಕಾಲ ಹತ್ರಾನೇ ಇದೆಯಲ್ಲೇ, ಕಣ್ಣು ಕಾಣಲ್ವಾ?" ಎಂದು ಗದರಿದಳು ತಾಯಿ.

ಮರುದಿನವೇ ಅವನು ಹೆಂಡತಿ ಮಗಳನ್ನು ಕಣ್ಣಿನ ಆಸ್ಪತ್ರೆಗೆ ಹೊರಡಿಸಿದ.

ಕಣ್ಣಿನ ಡಾಕ್ಟರಮ್ಮ ಅಪ್ಪ ಮಗಳಿಬ್ಬರನ್ನೂ ಪರೀಕ್ಷಿಸಿದರು. "ಇದು ವೆಲ್ಡಿಂಗಿಂದ ಬಂದಿದ್ದಲ್ಲ. ವಂಶದ್ದು. ನಿಮ್ಮಿಂದ ಮಗೂಗೆ ಬಂದಿದೆ. ದೃಷ್ಟಿ ನಿಧಾನಕ್ಕೆ ಹೋಗುತ್ತೆ. ಆದ್ರೆ ಹೋಗುತ್ತೆ."

ಕತ್ತಲಾದ ಮೇಲೆ ಮನೆಯಿಂದ ಕಾಲು ಹೊರಗಿಡದ ತನ್ನ ಅಪ್ಪನ ನೆನಪಾಯಿತು ಅವನಿಗೆ. ಮನೆಮಂದಿಯೆಲ್ಲ ಅವರನ್ನು ಸೋಮಾರಿ ಎಂದು ಹಂಗಿಸುತ್ತಿದ್ದರು.

ಮನೆಗೆ ಬಂದೊಡನೆ ಹೆಂಡತಿ ಅಂದಳು: "ಇನ್ಮೇಲೆ ಅವಳನ್ನ ಆ ಪಾರ್ಕಿಗೆ ಕರ್ಕೊಂಡು ಹೋಗ್ಬೇಡಿ."

"ಬೀಳೋದು ಹೇಗೆ ಅಂತ ಈಗ್ಲೇ ಕಲೀಲಿ ಬಿಡೇ."

"ಕೊಡೋದು ಕೊಟ್ಟಾಯ್ತಲ್ಲ. ಇನ್ನೇನು ಕಲಿಸ್ತೀರಿ?"

ಆದರೂ ಹೆಂಡತಿ ಕೆಲಸಕ್ಕೆ ಹೋದಾಗ, ಬಿಸಿಲಿರುವ ಹೊತ್ತಿನಲ್ಲಿ ಮಗಳನ್ನು ಕರೆದೊಯ್ದು ದಿಬ್ಬಗಳ ಮೇಲೆ ಬರಿಗಾಲಲ್ಲಿ ನಡೆಸುತ್ತಿದ್ದ. ಎಲ್ಲಿ ಏರು, ಎಲ್ಲಿ ಜಾರು ಎಂದು ಕಾಲಿಗೇ ಪಾಠ. ಮಗಳು ಕುಂಡೆಯ ಮೇಲೆ ಜಾರಿ ಕಿಲಕಿಲ ನಗುತ್ತಿದ್ದಳು. ಆ ನಗೆಗೆ ಸೋತು ಒಂದು ದಿನ ಹೊತ್ತು ಮುಳುಗುವವರೆಗೂ ನಿಂತುಬಿಟ್ಟ. "ಇನ್ನೊಂದೇ ಸಲ ಹಾರಿ ತೋರ್ಸು ಅಪ್ಪಾ," ಎಂದಳು. ಅವನು ಬೋರ್ಡ್ ಹತ್ತಿ ಕಂಬಿಯತ್ತ ಹಾರಿದ. ಕಂಬಿಯ ಬುಡದಲ್ಲಿ ಯಾರೋ ಚೀಲ ಬಿಟ್ಟು ಹೋಗಿದ್ದರು.

ಮಂಡಿ ಒಡೆದ ಸದ್ದು ಅವನಿಗೇ ಕೇಳಿಸಿತು.

"ಅಪ್ಪಾ, ಎಲ್ಲಿದ್ದೀಯಾ?"

"ಇಲ್ಲೇ ಇದೀನಿ ಪುಟ್ಟಿ. ಓಡ್ಬೇಡ, ನಿಂತ್ಕೋ."

ಮಗಳು ಎರಡೂ ಕೈ ಮುಂದೆ ಚಾಚಿ ಕತ್ತಲನ್ನು ತಡಕುತ್ತ ಬಂದಳು. ಅವನೂ ಬಿದ್ದಲ್ಲಿಂದ ಕೈ ಚಾಚಿದ. ನಾಲ್ಕು ಹೆಜ್ಜೆಯ ಅಂತರ, ಆದರೂ ಒಬ್ಬರಿಗೊಬ್ಬರು ಸಿಗಲಿಲ್ಲ. ಪಾರ್ಕಿನ ಹುಡುಗರು ಓಡಿಬಂದು ಮಗುವಿನ ಕೈಯನ್ನು ಅವನ ಕೈಗೆ ಸೇರಿಸಿದರು.

ಮಂಡಿಗೆ ಉಕ್ಕಿನ ಪಟ್ಟಿ ಬಿತ್ತು. ಮೂಲೆಯ ಕೆಲಸವೂ ಹೋಯಿತು. ಹೆಂಡತಿ ಬಟ್ಟೆ ಮನೆಗೇ ತಂದು ಹೊಲಿಯತೊಡಗಿದಳು. ಗಂಡನೊಂದಿಗೆ ಊಟ, ಔಷಧಿ ಇಷ್ಟೇ ಮಾತು. ಮಗಳು ಮಾತ್ರ ಪಾರ್ಕು ಪಾರ್ಕು ಎಂದು ಪ್ರಾಣ ತಿಂದಳು. ಕೊನೆಗೊಂದು ರಜೆಯ ದಿನ ತಾಯಿಯೇ ಗೊಣಗುತ್ತ ಕರೆದುಕೊಂಡು ಹೋದಳು, ಮಧ್ಯಾಹ್ನ ಕಳೆದು ಬಂದಳು.

"ಆ ದೊಡ್ಡ ಗುಂಡಿಗೆ ಜಾರಿದ್ಲು," ಎಂದಳು ಹಾಸಿಗೆಯ ತುದಿಯಲ್ಲಿ ಕೂತು. "ಹಿಡ್ಕೊಳ್ಳೋಕೆ ಹೋದ್ರೆ ಕೊಸರಿಕೊಂಡ್ಲು. ಎಷ್ಟು ನಕ್ಕಳು ಗೊತ್ತಾ? ನಾನು ಮೇಲೆ ನಿಂತು ಹುಚ್ಚಿ ಹಾಗೆ ಅತ್ತೆ."

"ಚಡ್ಡಿ ಹರೀತಾ?"

"ಹರೀದೆ ಇರುತ್ತಾ? ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲೀಬೇಕು." ಸೂಜಿಗೆ ದಾರ ಪೋಣಿಸುತ್ತ ಅಂದಳು: "ನಿಮ್ಮ ಮೇಲಿನ ಸಿಟ್ಟೇನೂ ಹೋಗಿಲ್ಲ."

"ಗೊತ್ತು."

ಅವನು ಮತ್ತೆಂದೂ ಬೋರ್ಡ್ ಹತ್ತಲಿಲ್ಲ. ಮುಂದಿನ ಚಳಿಗಾಲದ ಹೊತ್ತಿಗೆ ಅವನ ಕಣ್ಣಿಗೆ ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು. ರಜೆಯ ದಿನ ತಾಯಿ ಮಗಳು ಹೊರಟರೆ ಗೋಡೆ ಹಿಡಿದು ಬಾಗಿಲತನಕ ಬರುತ್ತಾನೆ. "ಕಂಬಿ ಹತ್ರ ಏನಾದ್ರೂ ಬಿದ್ದಿದೆಯಾ ನೋಡ್ಕೊಳ್ಳೇ," ಎನ್ನುತ್ತಾನೆ. ಹೆಂಡತಿ ಹೂಂ ಎನ್ನುತ್ತಾಳೆ. ಕೆಲವು ದಿನ ಅದನ್ನೂ ಅನ್ನುವುದಿಲ್ಲ.